ಯಾವ ಅಂತ್ಯ ಎಂದು ಮೊದಲು ಹೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಅನಿಮೆ, ಅಂದರೆ ಜಪಾನಿ ಆನಿಮೇಷನ್ ಸರಣಿಗಳ, ಅಭಿಮಾನಿಗಳ ಬಗ್ಗೆ ಬಂದ ಬರಹ ಓದಿದೆವು. ಇವರಿಗೆ ಯಾವ ಕತೆಯ ಮುಕ್ತಾಯವೂ ಒಗ್ಗುವುದಿಲ್ಲ, ಒಗ್ಗದಿದ್ದರೆ ಕತೆಗಾರನ ಮೇಲೆ ಮುಗಿಬೀಳುತ್ತಾರೆ, 'ಅಟ್ಯಾಕ್ ಆನ್ ಟೈಟನ್' ವಿಷಯದಲ್ಲಂತೂ ಕೂಗಾಡಿ ಅಂತ್ಯವನ್ನೇ ಬದಲಾಯಿಸಿಕೊಂಡರು ಎಂದು ಅದರಲ್ಲಿತ್ತು. ಮುಗಿಬೀಳುವ ಮಾತು ನಿಜ, ಒಪ್ಪಿದೆವು. ಅಂತ್ಯ ಬದಲಾಯಿತು ಎಂಬುದು ತಪ್ಪು. ಆ ತಪ್ಪಿನ ಬೇರು ಹಿಡಿದು ಹೋದರೆ ಈ ಜಗಳಗಳಲ್ಲಿ ಅರ್ಧಕ್ಕರ್ಧ ಯಾಕೆ ಹುಟ್ಟುತ್ತವೆ ಎಂಬುದು ಸಿಗುತ್ತದೆ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ. ಹಲವು ಕತೆಗಳ ಕೊನೆಯನ್ನು ಇಲ್ಲಿ ಬಿಡಿಸಿ ಹೇಳಿದ್ದೇವೆ. ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಬಹುದು.

ಹಾಜಿಮೆ ಇಸಾಯಾಮಾ ಅವರ ಈ ಕತೆ ಮೊದಲು ಮಾಂಗಾ, ಅಂದರೆ ಜಪಾನಿ ಚಿತ್ರಕತೆಯಾಗಿ, ಕೊದಾನ್ಶಾ ಪ್ರಕಾಶನದ ಮಾಸಿಕವೊಂದರಲ್ಲಿ 2009ರ ಸೆಪ್ಟೆಂಬರಿನಲ್ಲಿ ಶುರುವಾಗಿ 2021ರ ಏಪ್ರಿಲ್‌ನಲ್ಲಿ 139ನೇ ಅಧ್ಯಾಯದೊಂದಿಗೆ ಮುಗಿಯಿತು. ಅದು ಮೊದಲ ಅಂತ್ಯ. ಜೂನ್‌ನಲ್ಲಿ ಬಂದ 34ನೇ ಸಂಪುಟದಲ್ಲಿ ಕೆಲವೇ ಹೆಚ್ಚುವರಿ ಪುಟಗಳು ಸೇರಿದವು: ನಾಯಕಿ ಮಿಕಾಸಾ ವಯಸ್ಸಾಗಿ ತೀರಿಕೊಳ್ಳುತ್ತಾಳೆ, ನಗರ ಬೆಳೆಯುತ್ತದೆ, ಯುದ್ಧದಲ್ಲಿ ನೆಲಸಮವಾಗುತ್ತದೆ, ಎಷ್ಟೋ ಕಾಲದ ಮೇಲೆ ನಾಯಿಯೊಂದಿಗೆ ಒಬ್ಬ ಹುಡುಗ ಆ ದೊಡ್ಡ ಮರದ ಬುಡಕ್ಕೆ ಬಂದು ನಿಲ್ಲುತ್ತಾನೆ. ಇದು ಎರಡನೆಯದು. 2023ರ ನವೆಂಬರಿನಲ್ಲಿ ಮಾಪ್ಪಾ ಸ್ಟುಡಿಯೋ ಮಾಡಿದ ಕೊನೆಯ ವಿಶೇಷ ಕಂತು ಬಂತು. ಅದು ಮೂರನೆಯದು. ಮೂರರಲ್ಲೂ ಘಟನೆ ಒಂದೇ. ನಾಯಕ ಎರೆನ್ ಟೈಟನ್ ಎಂಬ ದೈತ್ಯರಿಂದ ಜಗತ್ತಿನ ಶೇಕಡಾ 80ರಷ್ಟು ಜನರನ್ನು ತುಳಿಸಿ ಕೊಲ್ಲುತ್ತಾನೆ, ಮಿಕಾಸಾ ಅವನ ಕತ್ತು ಕತ್ತರಿಸುತ್ತಾಳೆ, ಟೈಟನ್‌ಗಳ ಶಕ್ತಿ ಇಲ್ಲವಾಗುತ್ತದೆ. ಅನಿಮೆಯಲ್ಲಿ ಬದಲಾದದ್ದು ಮುಖ್ಯವಾಗಿ ಎರೆನ್ ಮತ್ತು ಅವನ ಬಾಲ್ಯದ ಗೆಳೆಯ ಆರ್ಮಿನ್ ನಡುವಿನ ಒಂದು ಮಾತುಕತೆ. ಅದನ್ನು ತಿದ್ದಿ ಬರೆದವರೂ ಸ್ವತಃ ಇಸಾಯಾಮಾ.

ಆ ಮಾತುಕತೆಯಲ್ಲಿ ಏನಿತ್ತು ಎಂದು ನಿಮ್ಮ ಬರಹದಲ್ಲಿ ಹೇಳಿರಲಿಲ್ಲ. ಪತ್ರಿಕೆಯಲ್ಲಿ ಬಂದ ರೂಪದಲ್ಲಿ ಆರ್ಮಿನ್, ನಮಗಾಗಿ ನೀನು ನರಹಂತಕನಾದೆ, ಅದಕ್ಕೆ ಧನ್ಯವಾದ ಎನ್ನುವ ಅರ್ಥದ ಮಾತಾಡುತ್ತಾನೆ. ಇದು ಕಳ್ಳ ಅನುವಾದದ ಎಡವಟ್ಟು ಎಂದು ಕೆಲವರು ಇವತ್ತಿಗೂ ವಾದಿಸುತ್ತಾರೆ. ಅಲ್ಲ. ಮೂಲ ಜಪಾನಿಯಲ್ಲೇ 'ನಾತ್ತೆ ಕುರೆತೆ' ಎಂದಿದೆ. ಕುರೆರು ಎಂದರೆ ಕೊಡು. ನಾವು ಬರೆದುಕೊಟ್ಟ, ಮಾಡಿಕೊಟ್ಟ ಎನ್ನುವಾಗ ಆ 'ಕೊಟ್ಟ' ಮಾಡಿದವನಿಗಿಂತ ಪಡೆದವನ ಋಣವನ್ನು ಹೇಳುತ್ತದಲ್ಲ, ಜಪಾನಿಯಲ್ಲೂ ಹಾಗೆಯೇ. ಲೋಕದ ಐದರಲ್ಲಿ ನಾಲ್ಕು ಪಾಲು ಜನರನ್ನು ಕೊಂದವನಿಗೆ ಕತೆಯ ಅತ್ಯಂತ ವಿವೇಕಿ ಪಾತ್ರ ಋಣ ಒಪ್ಪಿಸಿದ್ದಕ್ಕೇ ಓದುಗರು ಕೆರಳಿದ್ದು. ಅವರ ಸಿಟ್ಟು ಸುಮ್ಮನೆ ಬಂದದ್ದಲ್ಲ.

ಅನಿಮೆಯಲ್ಲಿ ಆರ್ಮಿನ್ ಬೇರೆ ದಾರಿ ಹಿಡಿಯುತ್ತಾನೆ. ಗೋಡೆಯಾಚೆಯ ಲೋಕದ ಪುಸ್ತಕ ತೋರಿಸಿ ನಿನ್ನ ತಲೆಯಲ್ಲಿ ಆ ಆಸೆ ಬಿತ್ತಿದವನು ನಾನೇ, ಪಾಪದಲ್ಲಿ ನನಗೂ ಪಾಲಿದೆ, ನರಕ ಅಂತ ಒಂದಿದ್ದರೆ ಅಲ್ಲಿ ಇಬ್ಬರೂ ಒಟ್ಟಿಗೇ ಇರೋಣ ಎನ್ನುತ್ತಾನೆ. ಘಟನೆ ಒಂದಿಷ್ಟೂ ಕದಲಿಲ್ಲ. ಆದರೆ ಋಣದ ಜಾಗಕ್ಕೆ ಪಾಲುದಾರಿಕೆ ಬಂತು, ಕತೆಯ ಆರಂಭದ ಆ ಪುಸ್ತಕಕ್ಕೆ ಕೊನೆಯಲ್ಲೊಂದು ಬೆಲೆ ತೆರಬೇಕಾಯಿತು. ನಮ್ಮ ಮಟ್ಟಿಗೆ ಮೂರರಲ್ಲಿ ಇದೇ ಮೇಲು. ಹಾಗೆಂದು ಎಲ್ಲವೂ ಸರಿಹೋಯಿತು ಎನ್ನಲಾರೆವು. 139ನೇ ಅಧ್ಯಾಯದಲ್ಲಿ ಎರೆನ್ ಇನ್ನೊಂದು ಗುಟ್ಟು ಬಿಡುತ್ತಾನೆ: ಅಂದು ಎದುರು ಪಾಳೆಯದ ಬೆರ್ಟೋಲ್ಟ್ ಸಾಯದಿರಲಿ ಎಂದು, ಅವನ ಕಡೆ ಬರುತ್ತಿದ್ದ ಟೈಟನ್ ಅನ್ನು ತನ್ನ ಸ್ವಂತ ತಾಯಿ ಇದ್ದ ಕಡೆಗೆ ತಿರುಗಿಸಿದವನು ತಾನೇ ಎಂದು. ಕತೆಯ ಆರಂಭದ ಆ ತಾಯಿಯ ಸಾವಿನ ಅರ್ಥವನ್ನೇ ಬುಡಮೇಲು ಮಾಡುವ ಸಂಗತಿ ಇದು, ಅದಕ್ಕೆ ಸಿಕ್ಕಿದ್ದು ಕೆಲವೇ ಚೌಕಗಳು. ಮಾಸಿಕದ ಅಷ್ಟು ಪುಟಗಳಲ್ಲಿ ತಪ್ಪೊಪ್ಪಿಗೆ, ಅಳು, ಯುದ್ಧದ ಮುಕ್ತಾಯ, ಮೂರು ವರ್ಷದ ನಂತರದ ರಾಜಕೀಯ ಎಲ್ಲವನ್ನೂ ತುಂಬಲು ಹೊರಟರೆ ಹೀಗೇ ಆಗುವುದು. ಕತೆಯ ಯೋಜನೆ ಗಟ್ಟಿ, ಕೊನೆಯ ಅಧ್ಯಾಯದ ಜೋಡಣೆ ಅವಸರದ್ದು ಎಂದು ಬಿಡಿಸಿ ಹೇಳಿದರೆ ವಾದಕ್ಕೊಂದು ಹಿಡಿ ಸಿಗುತ್ತದೆ. 'ಅಂತ್ಯ ಹಾಳು' ಎಂದರೆ ಸಿಗುವುದಿಲ್ಲ.

ಯೋಜನೆ ಗಟ್ಟಿ ಎಂದೆವಲ್ಲ, ಅದಕ್ಕೆ ಸಾಕ್ಷಿ ಕತೆಯಲ್ಲೇ ಇದೆ. ಮೊದಲ ಅಧ್ಯಾಯದ ಹೆಸರು 'ಎರಡು ಸಾವಿರ ವರ್ಷದ ಆಚೆಯ ನಿನಗೆ', 122ನೆಯದು 'ಎರಡು ಸಾವಿರ ವರ್ಷದ ಹಿಂದಿನ ನಿನ್ನಿಂದ'. 89ನೇ ಅಧ್ಯಾಯದಲ್ಲಿ ಹಿಂದಿನ ತಲೆಮಾರಿನ ಗೂಢಚಾರ ಕ್ರೂಗರ್ ಇನ್ನೂ ಹುಟ್ಟೇ ಇರದ ಮಿಕಾಸಾ, ಆರ್ಮಿನ್ ಹೆಸರು ಹೇಳುತ್ತಾನೆ, ಯಾರವರು ಎಂದು ಕೇಳಿದರೆ ಅವನಿಗೇ ಗೊತ್ತಿಲ್ಲ. ಕತೆಯ ಆರಂಭದಲ್ಲಿ ಮರದಡಿ ಮಲಗಿದ ಎರೆನ್ ಕಣ್ಣೀರು ಸುರಿಸುತ್ತಾ ಏಳುವ ಮುನ್ನ ಕನಸಿನಲ್ಲಿ ಕೇಳುವ ಮಾತನ್ನೇ 138ನೇ ಅಧ್ಯಾಯದಲ್ಲಿ ಮಿಕಾಸಾ ಅವನಿಗೆ ಹೇಳುತ್ತಾಳೆ. ಆ ಅಧ್ಯಾಯದ ಹೆಸರು 'ದೀರ್ಘ ಕನಸು'.

ಆ ಮಾತು 'ಇತ್ತೆರಾಶ್ಶಾಯ್'. ಇಂಗ್ಲಿಷಿನಲ್ಲಿ ಅದು 'ಸೀ ಯೂ ಲೇಟರ್' ಆಗಿ ಸಪ್ಪೆಯಾಯಿತು. ಕನ್ನಡದಲ್ಲಿ ಅದಕ್ಕೆ ಅಳೆದು ಹೊಲಿದಂಥ ಮಾತಿದೆ: ಹೋಗಿ ಬಾ. ಜಪಾನಿ ಮನೆಯಿಂದ ಹೊರಡುವವನು 'ಇತ್ತೆ ಕಿಮಾಸು' ಎನ್ನುತ್ತಾನೆ, ಹೋಗಿ ಬರ್ತೀನಿ. ಒಳಗಿರುವವರು ಇತ್ತೆರಾಶ್ಶಾಯ್ ಎನ್ನುತ್ತಾರೆ, ಹೋಗಿ ಬಾ. ಹೊಸ್ತಿಲ ಮೇಲೆ ನಿಂತವನಿಗೆ ಬರೀ 'ಹೋಗು' ಎನ್ನಬಾರದು ಎಂಬ ನಮ್ಮ ಮನೆಗಳ ರೂಢಿ ಅಲ್ಲೂ ಇದೆ. ಕತ್ತು ಕತ್ತರಿಸಿದ ತಲೆಯನ್ನು ಕೈಯಲ್ಲಿ ಹಿಡಿಯಲಿರುವವಳು, ಇನ್ನೆಂದೂ ಬಾರದವನಿಗೆ 'ಹೋಗಿ ಬಾ' ಎನ್ನುತ್ತಾಳೆ. ಈ ಅಂತ್ಯದಲ್ಲಿ ಭಾವುಕತೆ ಅತಿಯಾಯಿತು ಎಂದು ಇಂಗ್ಲಿಷ್ ಅಡಿಬರಹ ಓದಿ ಹೇಳುವವರು ಈ ಒಂದು ಸಾಲನ್ನು ಕನ್ನಡದಲ್ಲಿ ಓದಿಕೊಳ್ಳಲಿ.

ಇನ್ನು ತಪ್ಪು ಯಾರದು ಎಂಬ ಪ್ರಶ್ನೆ. ಕತೆಗಾರ, ಪತ್ರಿಕೆ, ಸ್ಟುಡಿಯೋ, ಈ ಮೂರನ್ನೂ ಒಂದೇ ತಕ್ಕಡಿಗೆ ಹಾಕುವುದರಿಂದಲೇ ಹೆಚ್ಚಿನ ವಾದ ಹಳಿ ತಪ್ಪುವುದು. 'ದಿ ಪ್ರಾಮಿಸ್ಡ್ ನೆವರ್‌ಲ್ಯಾಂಡ್' ಲೆಕ್ಕ ಮಾಡಿ ನೋಡಿ. ಮಾಂಗಾ 2016ರಿಂದ 2020ರವರೆಗೆ ನಡೆದು 181 ಅಧ್ಯಾಯಕ್ಕೆ ಮುಗಿಯಿತು. 2019ರ ಅನಿಮೆಯ ಮೊದಲ ಸೀಸನ್ 12 ಕಂತುಗಳಲ್ಲಿ 37 ಅಧ್ಯಾಯ ದಾಟಿತು, ಕಂತಿಗೆ ಮೂರು. ಉಳಿದ 144 ಅಧ್ಯಾಯಗಳನ್ನು 2021ರ ಎರಡನೇ ಸೀಸನ್ 11 ಕಂತುಗಳಲ್ಲಿ ಮುಗಿಸಿತು, ಕಂತಿಗೆ ಹದಿಮೂರು. ಗೋಲ್ಡಿ ಪಾಂಡ್ ಪ್ರಸಂಗ ಪೂರ್ತಿ ಹಾರಿಹೋಯಿತು, ಅದರ ಜೊತೆಗೆ ಯೂಗೋ ಎಂಬ ಪಾತ್ರವೂ. ಕೊನೆಗೆ ಉಳಿದದ್ದನ್ನೆಲ್ಲ ಮದುವೆ ಆಲ್ಬಮ್ ತಿರುವಿದ ಹಾಗೆ ಒಂದರ ಹಿಂದೊಂದು ಚಿತ್ರ ತೋರಿಸಿ ಕೈತೊಳೆದುಕೊಂಡರು. ಅನಿಮೆ ಮಾತ್ರ ನೋಡಿದವರು ಕತೆಗಾರರನ್ನು ಬೈಯುತ್ತಾರೆ. ಮಾಂಗಾದ ಅಂತ್ಯಕ್ಕೂ ಅದರದೇ ದೋಷಗಳಿವೆ, ನಾಯಕಿ ಎಮ್ಮಾಳ ಒಪ್ಪಂದಕ್ಕೆ ತೆತ್ತ ಬೆಲೆ ತೀರಾ ಅಗ್ಗವಾಯಿತು ಎಂಬುದು ನಮ್ಮ ತಕರಾರು. ಆದರೆ ಅದು ಬೇರೆ ದೂರು, ಬೇರೆ ವಿಳಾಸಕ್ಕೆ ಹೋಗಬೇಕಾದದ್ದು.

ಇದಕ್ಕೆ ತಿರುವುಮುರುವಾದ ಪ್ರಕರಣ 'ಫುಲ್‌ಮೆಟಲ್ ಆಲ್ಕೆಮಿಸ್ಟ್'. ಹಿರೋಮು ಅರಾಕಾವಾ ಅವರ ಮಾಂಗಾ 2001ರಲ್ಲಿ ಶುರುವಾಗಿತ್ತು. 2003ರಲ್ಲಿ ಅನಿಮೆ ಆರಂಭವಾದಾಗ ಕತೆ ಇನ್ನೂ ಅರ್ಧ ದಾರಿಗೂ ಬಂದಿರಲಿಲ್ಲ. ಕಾಯುವ ಬದಲು ಬೋನ್ಸ್ ಸ್ಟುಡಿಯೋ 51 ಕಂತುಗಳಲ್ಲಿ ತನ್ನದೇ ದಾರಿಯಲ್ಲಿ ಕತೆ ಮುಗಿಸಿತು, ಉಳಿದದ್ದನ್ನು 2005ರ ಸಿನಿಮಾಕ್ಕೆ ಬಿಟ್ಟಿತು. ಮಾಂಗಾ 2010ರಲ್ಲಿ 108 ಅಧ್ಯಾಯಕ್ಕೆ ನಿಂತಿತು. ಅದೇ ಸ್ಟುಡಿಯೋ 2009ರಿಂದ 2010ರವರೆಗೆ 'ಬ್ರದರ್‌ಹುಡ್' ಹೆಸರಲ್ಲಿ ಮೂಲಕ್ಕೆ ನಿಷ್ಠವಾಗಿ 64 ಕಂತು ಮಾಡಿತು. ಎರಡರಲ್ಲಿ ಯಾವುದು ಮೇಲು ಎಂಬ ಹಳೇ ಜಗಳದಲ್ಲಿ ಜನ ಮರೆಯುವ ಒಂದು ಸಣ್ಣ ಲೆಕ್ಕವಿದೆ: ಸೇನಾಧಿಕಾರಿ ಮಾಯೆಸ್ ಹ್ಯೂಸ್ ಸಾಯುವುದು 2003ರ ಸರಣಿಯಲ್ಲಿ 25ನೇ ಕಂತಿನಲ್ಲಿ, ಬ್ರದರ್‌ಹುಡ್‌ನಲ್ಲಿ 10ನೆಯದರಲ್ಲೇ. ಮೊದಲ ಸರಣಿ ನೋಡಿದವರೇ ಇದನ್ನೂ ನೋಡುತ್ತಾರೆ ಎಂದು ಎಣಿಸಿ ಆರಂಭದ ಭಾಗವನ್ನು ಒತ್ತಿ ಸಣ್ಣದು ಮಾಡಿದ್ದರ ಪರಿಣಾಮ ಇದು. ಬ್ರದರ್‌ಹುಡ್ ಒಂದನ್ನೇ ನೋಡುವ ಹೊಸಬರಿಗೆ ಹ್ಯೂಸ್‌ನ ಮಗಳು ಅಪ್ಪನ ಸಮಾಧಿಯ ಮುಂದೆ ಕೂಗುವ ದೃಶ್ಯ ಅಷ್ಟು ತಟ್ಟುವುದಿಲ್ಲ, ಏಕೆಂದರೆ ಆ ಮನುಷ್ಯನ ಜೊತೆ ಅವರು ಕಳೆದ ಹೊತ್ತೇ ಕಡಿಮೆ. ಬೇಕಿದ್ದರೆ ಹೀಗೆ ನೋಡಿ: 2003ರದ್ದನ್ನು 25ನೇ ಕಂತಿನವರೆಗೆ ನೋಡಿ, ಅಲ್ಲಿಂದ ಬ್ರದರ್‌ಹುಡ್‌ಗೆ ಹೋಗಿ ಮೊದಲ ಕಂತಿನಿಂದಲೇ ನೋಡಿ. ಆರಂಭ ಎರಡು ಸಲ ಆಗುತ್ತದೆ, ಆದರೆ ಅಂತ್ಯ ಎರಡು ಪಟ್ಟು ನಿಲ್ಲುತ್ತದೆ. ಇಲ್ಲೂ ಒಂದು ಭಾಷೆಯ ಮಾತು: ತಮ್ಮ ಆಲ್ಫೋನ್ಸ್ ಕತೆಯುದ್ದಕ್ಕೂ ನಾಯಕ ಎಡ್ವರ್ಡ್‌ನನ್ನು ಕರೆಯುವುದು 'ನೀಸಾನ್' ಎಂದು. ಇಂಗ್ಲಿಷ್ ಧ್ವನಿಯಲ್ಲಿ ಅದು 'ಬ್ರದರ್' ಆಗಿ ಯಾರೋ ಪಾದ್ರಿಯನ್ನು ಕರೆದ ಹಾಗೆ ಕೇಳುತ್ತದೆ. ನಮ್ಮಲ್ಲಿ 'ಅಣ್ಣ' ಎಂದರೆ ಮುಗಿಯಿತು.

ಪುಟದ ಲೆಕ್ಕವನ್ನೂ ಹೇಳಬೇಕು, ಏಕೆಂದರೆ ಅಂತ್ಯ ಕೆಡುವುದು ಹೆಚ್ಚಾಗಿ ಅಲ್ಲಿ. 'ಶೋನೆನ್ ಜಂಪ್'ನಂಥ ವಾರಪತ್ರಿಕೆಯಲ್ಲಿ ಒಂದು ಕತೆಗೆ ವಾರಕ್ಕೆ ಸುಮಾರು 19 ಪುಟ. ಸಂಚಿಕೆಯ ಜೊತೆ ಓದುಗರಿಗೊಂದು ಕಾರ್ಡ್ ಇರುತ್ತದೆ, ಮೆಚ್ಚಿದ ಮೂರು ಕತೆ ಗುರುತಿಸಿ ಕಳಿಸಬೇಕು. ಆ ಮತ ಸತತವಾಗಿ ಕುಸಿದರೆ ಹೊಸ ಕತೆಯನ್ನು ಇಪ್ಪತ್ತು ಅಧ್ಯಾಯದ ಆಸುಪಾಸಿನಲ್ಲೇ ನಿಲ್ಲಿಸುತ್ತಾರೆ. ನಾಯಕ ಬಾನಿನ ಕಡೆ ಹಾರಿ 'ನಮ್ಮ ಹೋರಾಟ ಈಗಷ್ಟೇ ಶುರು' ಎನ್ನುವ ಮುಕ್ತಾಯ ಜಪಾನಿನಲ್ಲಿ ತಮಾಷೆಯ ಮಾತಾಗಿಬಿಟ್ಟಿರುವುದು ಇದರಿಂದಲೇ. ಗೆದ್ದ ಕತೆಗಳ ಕಷ್ಟ ಬೇರೆ, ಅವನ್ನು ನಿಲ್ಲಿಸಲು ಬಿಡುವುದಿಲ್ಲ. ಅನಿಮೆ ಪ್ರತಿವಾರ ಓಡುವಾಗ ಮಾಂಗಾವನ್ನು ಹಿಂದೆ ಹಾಕುವ ಅಪಾಯವೂ ಇರುತ್ತದೆ. 'ನರುಟೊ'ದ ಮೊದಲ ಸರಣಿಯ 220 ಕಂತುಗಳಲ್ಲಿ 136ರಿಂದ ಮುಂದೆ ಬಹುತೇಕ ಎಲ್ಲವೂ ಮೂಲದಲ್ಲಿಲ್ಲದ ತುಂಬುಕತೆ. ನಡುವೆ ಕೈಬಿಟ್ಟವರು ಬಿಟ್ಟದ್ದು ಸಾಮಾನ್ಯವಾಗಿ ಅಲ್ಲೇ. ಅಂಥವರು 135ಕ್ಕೆ ನಿಲ್ಲಿಸಿ ಕೊನೆಯ 220ನೆಯದನ್ನೊಂದು ನೋಡಿ ಮುಂದಿನ ಸರಣಿ 'ಶಿಪ್ಪುಡೆನ್'ಗೆ ಹಾರಿದರೆ ಕತೆಯ ಎಳೆ ತಪ್ಪುವುದಿಲ್ಲ.

ನಿಮ್ಮ ಬರಹದಲ್ಲಿ 'ಡೆತ್ ನೋಟ್' (ಹೆಸರು ಬರೆದರೆ ಕೊಲ್ಲುವ ಪುಸ್ತಕ ಸಿಕ್ಕ ಲೈಟ್ ಎಂಬ ಹುಡುಗನ ಕತೆ) ಬಗ್ಗೆ, ಅವನ ಬೆನ್ನು ಹತ್ತಿದ ಪತ್ತೇದಾರ ಎಲ್ ಸತ್ತ ಮೇಲೆ ಕತೆಯೂ ಸತ್ತಿತು ಎಂದಿತ್ತು. ಎಲ್ಲರೂ ಹೇಳುವ ಮಾತು. ಎಲ್ ಸಾಯುವುದು ಮಾಂಗಾದ 108 ಅಧ್ಯಾಯಗಳಲ್ಲಿ 58ನೆಯದರಲ್ಲಿ, ಅನಿಮೆಯ 37 ಕಂತುಗಳಲ್ಲಿ 25ನೆಯದರಲ್ಲಿ. ಮಾಂಗಾದಲ್ಲಿ ಆಮೇಲೆ ಉಳಿಯುವುದು 50 ಅಧ್ಯಾಯ. ಅವನ್ನು ಅನಿಮೆ 12 ಕಂತಿಗೆ ಇಳಿಸಿತು. ಎಲ್‌ನ ಜಾಗಕ್ಕೆ ಬಂದ ನಿಯರ್, ಮೆಲ್ಲೊ ಇಬ್ಬರೂ ತೆಳುವಾಗಿ ಕಾಣುವುದಕ್ಕೆ ಅರ್ಧ ಕಾರಣ ಈ ಕತ್ತರಿ. ಇನ್ನರ್ಧ ಕತೆಯದ್ದೇ. ಲೈಟ್ ಸಿಕ್ಕಿಬೀಳುವ ಕೊನೆಯ ಗೋದಾಮಿನ ದೃಶ್ಯ ನಿಂತಿರುವುದು ಒಂದೇ ಕಂಬದ ಮೇಲೆ: ಜೆವಾನಿ ಎಂಬ ಪತ್ತೇದಾರ ಇಡೀ ಕೊಲೆ ಪುಸ್ತಕವನ್ನು ಅಕ್ಷರ ಅಕ್ಷರ ನಕಲು ಮಾಡಿದ್ದಾನೆ, ಅದೂ ಒಂದೇ ರಾತ್ರಿಯಲ್ಲಿ. ಲೈಟ್‌ನ ಸೋಲಿಗೆ ನಿಜವಾದ ಕಾರಣ ಚೆನ್ನಾಗಿಯೇ ಇದೆ. ಮೆಲ್ಲೊ ಲೈಟ್‌ನ ಜೊತೆಗಾತಿ ತಕಾದಾಳನ್ನು ಅಪಹರಿಸುತ್ತಾನೆ, ಲೈಟ್‌ನನ್ನು ದೇವರೆಂದು ನಂಬಿದ ಮಿಕಾಮಿ ಅಪ್ಪಣೆಗೆ ಕಾಯದೆ ಬ್ಯಾಂಕಿನಲ್ಲಿ ಬಚ್ಚಿಟ್ಟ ಅಸಲಿ ಪುಸ್ತಕ ತೆಗೆದು ಅವಳ ಹೆಸರು ಬರೆಯುತ್ತಾನೆ, ಹಿಂಬಾಲಿಸುತ್ತಿದ್ದವರಿಗೆ ಅಸಲಿ ಎಲ್ಲಿದೆ ಎಂದು ಗೊತ್ತಾಗುತ್ತದೆ. ಅತಿನಿಷ್ಠೆಯ ಭಕ್ತನಿಂದಲೇ ದೇವರಿಗೆ ಕೇಡು. ಆದರೆ ಅಷ್ಟು ಸೊಗಸಾದ ಕಾರಣದ ಮೇಲೆ ಒಂದು ರಾತ್ರಿಯ ನಕಲಿನ ಭಾರ ಹೊರಿಸಿದ್ದು ಕಣ್ಣಿಗೆ ಚುಚ್ಚುತ್ತದೆ. ಬರೆದವರಿಗೂ ಇದು ತಿಳಿದಿತ್ತೋ ಏನೋ, ಕೊನೆಯ ಅಧ್ಯಾಯದಲ್ಲಿ ಪೊಲೀಸ್ ಮತ್ಸುದಾ ಬಾಯಲ್ಲಿ ಒಂದು ಅನುಮಾನ ಇಟ್ಟಿದ್ದಾರೆ: ನಿಯರ್ ಅದೇ ಪುಸ್ತಕದಲ್ಲಿ ಮಿಕಾಮಿಯ ಹೆಸರು ಬರೆದು ಅವನನ್ನು ಆಡಿಸಿದನೇ? ಅನಿಮೆಯಲ್ಲಿ ಆ ಅಧ್ಯಾಯವೇ ಇಲ್ಲ. ಲೈಟ್‌ನ ಸಾವೂ ಬೇರೆ. ಮಾಂಗಾದಲ್ಲಿ ಅವನು ಎಲ್ಲರ ಮುಂದೆ ಸಾಯಲಾರೆ ಎಂದು ಗೋಗರೆದು ಸಾಯುತ್ತಾನೆ, ಅನಿಮೆಯಲ್ಲಿ ಓಡಿಹೋಗಿ ಮೆಟ್ಟಿಲ ಮೇಲೆ ಒಬ್ಬನೇ ಮಲಗಿ, ಎಲ್‌ನ ಛಾಯೆ ನೋಡುತ್ತಾ ಸಾಯುತ್ತಾನೆ. ಒಂದು ಅವನನ್ನು ಬಯಲು ಮಾಡುತ್ತದೆ, ಇನ್ನೊಂದು ಅವನ ಮೇಲೆ ಕರುಣೆ ತೋರುತ್ತದೆ. ಅನಿಮೆ ನೋಡಿ ಲೈಟ್‌ಗೆ ಮರುಗುವವನೂ ಮಾಂಗಾ ಓದಿ ಅವನನ್ನು ಹೇಸುವವನೂ ರಾತ್ರಿಯಿಡೀ ವಾದ ಮಾಡಬಲ್ಲರು. ಇಬ್ಬರೂ ನೋಡಿದ್ದು ಬೇರೆ ಬೇರೆ ಸಾವು.

ಅಭಿಮಾನಿಗಳ ಅತಿರೇಕ ಇಂದಿನದು ಎಂಬಂತೆ ಬರೆದಿದ್ದೀರಿ. 1970ರ ಮಾರ್ಚ್‌ನಲ್ಲಿ 'ಅಶಿತಾ ನೊ ಜೋ' ಎಂಬ ಬಾಕ್ಸಿಂಗ್ ಮಾಂಗಾದ ಪಾತ್ರ, ನಾಯಕ ಜೋನ ಎದುರಾಳಿ ರಿಕಿಇಶಿ, ಸತ್ತದ್ದಕ್ಕೆ ಕೊದಾನ್ಶಾ ಕಟ್ಟಡದಲ್ಲಿ ನಿಜವಾದ ಶ್ರಾದ್ಧವೇ ನಡೆಯಿತು. ಕವಿ, ನಾಟಕಕಾರ ಶೂಜಿ ತೆರಾಯಾಮಾ ಮುಂದೆ ನಿಂತು ನಡೆಸಿದರು, ಸುಮಾರು 700 ಜನ ಸೇರಿದ್ದರು. ಆ ಸಾವಿನ ಕಾರಣ ಕೇಳಿದರೆ ನಗು ಬರುತ್ತದೆ. ಚಿತ್ರ ಬರೆಯುತ್ತಿದ್ದ ತೆತ್ಸುಯಾ ಚಿಬಾ ಮೊದಲ ಬಾರಿ ರಿಕಿಇಶಿಯನ್ನು ಬಿಡಿಸುವಾಗ ಜೋಗಿಂತ ತುಂಬಾ ಎತ್ತರ ಮಾಡಿಬಿಟ್ಟಿದ್ದರು. ಇಬ್ಬರೂ ಒಂದೇ ತೂಕದ ವರ್ಗದಲ್ಲಿ ಸೆಣಸಬೇಕು ಎಂದಾದಾಗ ಅವನ ತೂಕ ಇಳಿಸದೆ ದಾರಿ ಇರಲಿಲ್ಲ. ನೀರೂ ಬಿಟ್ಟು ಒಣಗಿಸಿಕೊಂಡ ಆ ದೇಹ ಪಂದ್ಯ ಗೆದ್ದು ಕುಸಿಯಿತು. 1973ರ ಮುಕ್ತಾಯದಲ್ಲೂ ಚಿಬಾ ಕೈವಾಡವಿದೆ. ಕತೆ ಬರೆಯುತ್ತಿದ್ದವರು ಕೊಟ್ಟ ಅಂತ್ಯ ಅವರಿಗೆ ಹಿಡಿಸಲಿಲ್ಲ. ಅದರ ಬದಲು ಅವರು ಬಿಡಿಸಿದ್ದು, ಉರಿದು ಬೆಳ್ಳಗೆ ಬೂದಿಯಾದವನಂತೆ ಮೂಲೆಯ ಸ್ಟೂಲಿನ ಮೇಲೆ ನಗುತ್ತಾ ಕೂತ ಜೋ. ಸತ್ತನೋ ಬದುಕಿದ್ದಾನೋ ಎಂದು ಅರ್ಧ ಶತಮಾನ ಕಳೆದರೂ ಕಿತ್ತಾಡುತ್ತಿದ್ದಾರೆ.

'ಇವಾಂಗೆಲಿಯನ್' ಅಂತ್ಯವನ್ನು ನೀವು 'ಅರ್ಥವಾಗದ್ದು' ಎಂದು ಒಂದು ಸಾಲಿನಲ್ಲಿ ದಾಟಿದ್ದೀರಿ. ಯಾವುದು? 1996ರ ಮಾರ್ಚ್‌ನಲ್ಲಿ ಬಂದ 25, 26ನೇ ಕಂತುಗಳೇ? ಕಾಲಪಟ್ಟಿ ಕುಸಿದ ತಂಡ ನಿಂತ ಚಿತ್ರ, ಗೆರೆ, ಅಕ್ಷರಗಳಲ್ಲೇ ಹುಡುಗನೊಬ್ಬನ ಮನಸ್ಸಿನೊಳಗೆ ಹೋಗಿ, ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಿ 'ಅಭಿನಂದನೆ' ಹೇಳುವ ಅಂತ್ಯ ಅದು. ಅಥವಾ 1997ರ ಸಿನಿಮಾವೇ? ಅದರಲ್ಲಿ ನಿರ್ದೇಶಕ ಹಿದೆಯಾಕಿ ಆನ್ನೊ ಅವರು ಪ್ರೇಕ್ಷಕರ ಬೈಗುಳದ ಪತ್ರಗಳನ್ನೇ ಕ್ಷಣಮಾತ್ರ ಪರದೆಯ ಮೇಲೆ ಮಿಂಚಿಸಿದ್ದಾರೆ. ಇಲ್ಲ, 2021ರ ಕೊನೆಯ ಸಿನಿಮಾವೇ? ಒಂದರಲ್ಲಿ ಒಳಗಿನ ಬಿಡುಗಡೆ, ಒಂದರಲ್ಲಿ ಲೋಕದ ಪ್ರಳಯ, ಒಂದರಲ್ಲಿ ವಿದಾಯ. ಮೂರಕ್ಕೂ ಒಂದೇ ವಿಶೇಷಣ ಸಾಲದು.

ಈಚಿನ ಒಂದು ರೂಢಿಯನ್ನೂ ಗಮನಿಸಿ. ಪತ್ರಿಕೆಯಲ್ಲಿ ಅವಸರವಾದ ಅಂತ್ಯಕ್ಕೆ ಸಂಪುಟದಲ್ಲಿ ತೇಪೆ ಹಾಕುತ್ತಾರೆ. 'ಮೈ ಹೀರೋ ಅಕಾಡೆಮಿಯಾ' 2024ರ ಆಗಸ್ಟ್‌ನಲ್ಲಿ 430ನೇ ಅಧ್ಯಾಯಕ್ಕೆ ಮುಗಿದಾಗ ನಾಯಕ ಶಕ್ತಿ ಕಳೆದುಕೊಂಡು ಮೇಷ್ಟ್ರಾದದ್ದನ್ನು ಜನ ಗೇಲಿ ಮಾಡಿದರು. ಅದೇ ವರ್ಷ ಡಿಸೆಂಬರಿನ 42ನೇ ಸಂಪುಟದಲ್ಲಿ 431ನೇ ಅಧ್ಯಾಯ ಸೇರಿತು, ಅವನ ಮತ್ತು ಸಹಪಾಠಿ ಓಚಾಕೋಳ ವಿಷಯ ಅಲ್ಲಿ ಒಂದು ದಡ ಸೇರಿತು. ಆಗಸ್ಟ್‌ನಲ್ಲಿ ಬೈದು ಡಿಸೆಂಬರಿನಲ್ಲಿ ಓದದವರು ಬಹಳ ಮಂದಿ. ಸೋರಿಕೆಯ ಚಿತ್ರಗಳನ್ನು ಎರಡು ಮೂರು ದಿನ ಮೊದಲೇ ನೋಡಿ ತೀರ್ಪು ಕೊಡುವವರ ಮಾತು ಬಿಡಿ. ಜಂಪ್‌ನ ಹೊಸ ಅಧ್ಯಾಯಗಳು ಪ್ರಕಾಶಕರದೇ ಆದ ಮಾಂಗಾ ಪ್ಲಸ್ ಆ್ಯಪಿನಲ್ಲಿ ಜಪಾನಿನ ಸೋಮವಾರ ಮಧ್ಯರಾತ್ರಿಗೆ, ಅಂದರೆ ನಮ್ಮ ಭಾನುವಾರ ರಾತ್ರಿ 8.30ಕ್ಕೆ, ಇಂಗ್ಲಿಷಿನಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿಯವರೆಗೆ ಬಾಯಿ ಬಿಗಿಹಿಡಿದರೆ ಯಾರ ಗಂಟೂ ಹೋಗುವುದಿಲ್ಲ.

ಕನ್ನಡದಲ್ಲಿ ಇವು ಯಾವುವೂ ಇಲ್ಲ ಎಂಬುದು ಬೇರೆ ಕೊರಗು. 2025ರ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್' ಸಿನಿಮಾ ಭಾರತದಲ್ಲಿ ತೆರೆಕಂಡಾಗ ಹಿಂದಿ, ತಮಿಳು, ತೆಲುಗು ಧ್ವನಿಗಳಿದ್ದವು, ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. 'ಅಣ್ಣ', 'ಹೋಗಿ ಬಾ', 'ಮಾಡಿಕೊಟ್ಟೆ' ಇರುವ ಭಾಷೆಯ ಮಕ್ಕಳು ಆ ಭಾವವನ್ನು ಇಂಗ್ಲಿಷಿನ ಸುತ್ತುದಾರಿಯಲ್ಲಿ ತಲುಪುತ್ತಿದ್ದಾರೆ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಮುಂದೆ ಇಂಥ ಬರಹ ಹಾಕುವಾಗ ಅಂತ್ಯದ ಮಾತು ಬಂದಲ್ಲಿ ಅದು ಪತ್ರಿಕೆಯದೋ ಸಂಪುಟದ್ದೋ ಅನಿಮೆಯದೋ, ಎಷ್ಟನೇ ಅಧ್ಯಾಯ ಅಥವಾ ಕಂತು ಎಂದು ಆವರಣದಲ್ಲಿ ಹಾಕಿಸಿ. ಕತೆಯ ಗುಟ್ಟು ಇದೆ ಎಂಬ ಸೂಚನೆಯನ್ನು ಮೊದಲ ಸಾಲಿನಲ್ಲೇ ಕೊಡಿ, ತಲೆಬರಹದಲ್ಲೇ ಪಾತ್ರವನ್ನು ಸಾಯಿಸಬೇಡಿ. ಹಾಂ, ಇನ್ನೊಂದು. ಬರಹದಲ್ಲಿ ಎರಡು ಕಡೆ 'ಮಂಗ' ಎಂದು ಅಚ್ಚಾಗಿತ್ತು. ಜಪಾನಿ ಉಚ್ಚಾರಕ್ಕೆ ಅದೇ ಹೆಚ್ಚು ಹತ್ತಿರ ಎಂಬುದು ನಿಜ. ಆದರೂ 'ಮಂಗ ಓದುವ ಯುವಕರು' ಎಂಬ ಉಪಶೀರ್ಷಿಕೆಗಾದರೂ ದೀರ್ಘ ಕೊಡಬಹುದಿತ್ತು.

ಇಂತಿ,
ಮಾಂಗಾ ಓದುವ ಮೂವರು
ಮೈಸೂರು